ಗಿಡ ನೆಟ್ಟರೆ ಋಣ ತೀರುವುದೇ?

ಸೆಪ್ಟೆಂಬರ್ 8ರ ಮೊಂತಿ ಹಬ್ಬವೆಂದರೆ ಕರಾವಳಿಯ ಕಥೋಲಿಕ ಕುಟುಂಬಗಳಿಗೆ ತೆನೆಯ ಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಕನ್ಯಾಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚಲಾಗುತ್ತದೆ. ಹೊಸ ಅಕ್ಕಿಯ ಕಾಳು ಬಾಯಿಗೆ ಬಿದ್ದ ಮೇಲೆಯೇ ಮನೆಮಂದಿಗೆಲ್ಲ ಊಟ. ನಾವು ಸೇವೆ ಸಲ್ಲಿಸುತ್ತಿರುವ ಧರ್ಮಕೇಂದ್ರದಲ್ಲಿಯೂ ಈ ಪದ್ಧತಿ ಲೋಪವಿಲ್ಲದೆ ನಡೆದುಬಂದಿದೆ. ಆದರೆ ತೆನೆ ಮಾತ್ರ ಕೆಲವು ವರ್ಷಗಳಿಂದ ನಮ್ಮೂರಿನದಲ್ಲ. ಹಿಂದೆ ತೆನೆ ತರುತ್ತಿದ್ದ ಮನೆಯವರ ಬೈಲುಗದ್ದೆಗೆ ಮಣ್ಣು ತುಂಬಿ ನಿವೇಶನಗಳಾಗಿವೆ. ಗದ್ದೆಗೆ ನೀರು ಕೊಡುತ್ತಿದ್ದ ತೋಡು ಜನವರಿಯಲ್ಲೇ ಒಣಗುತ್ತದೆ. ತೆನೆಯ ಕಟ್ಟು ದೂರದ ಊರಿನಿಂದ ವಾಹನದಲ್ಲಿ ಬರುತ್ತದೆ. ನಮ್ಮ ನೆಲವು ಕೊಡದಿದ್ದ ಫಲಕ್ಕೆ ನಮ್ಮ ಆಲಯದಲ್ಲಿ ನಾವು ಸ್ತೋತ್ರ ಸಲ್ಲಿಸುತ್ತೇವೆ.

ಸೆಪ್ಟೆಂಬರ್ 1ರಿಂದ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗಿನ ಅವಧಿಯನ್ನು ಧರ್ಮಸಭೆ ಸೃಷ್ಟಿಯ ಕಾಲವೆಂದು ಆಚರಿಸುತ್ತದೆ. ಈ ದಿನಗಳಲ್ಲಿ ಎಲ್ಲ ಕಡೆಗಳಲ್ಲಿಯೂ ಗಿಡ ನೆಡುವ ಕಾರ್ಯಕ್ರಮಗಳು ನಡೆಯುತ್ತವೆ; ನಮ್ಮಲ್ಲಿಯೂ ನಡೆಯುತ್ತವೆ. ಈ ಕುರಿತು ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸುವುದು ಉಚಿತವೆಂದು ತೋರುತ್ತದೆ. ಕೆಲವು ವರ್ಷಗಳ ಹಿಂದೆ ಸಮುದಾಯ ಭವನದ ಅಗತ್ಯಕ್ಕಾಗಿ ಆಲಯದ ಹಿಂಬದಿಯ ಎರಡು ಹಲಸು ಹಾಗೂ ಒಂದು ಕಾಟುಮಾವಿನ ಮರವನ್ನು ಕಡಿಯಲು ನಾವೇ ಒಪ್ಪಿಗೆ ನೀಡಿದೆವು. ಪರಿಹಾರವಾಗಿ ಐವತ್ತು ಗಿಡಗಳನ್ನು ನೆಡಿಸಿದೆವು. ಅತಿಥಿಗಳು ಬಂದರು, ಛಾಯಾಚಿತ್ರ ತೆಗೆಸಿಕೊಂಡೆವು, ವರದಿಯೂ ಅಚ್ಚಾಯಿತು. ಮೂರು ಕಡಿದು ಐವತ್ತು ನೆಟ್ಟೆವೆಂಬ ಸಮಾಧಾನ ಮನಸ್ಸಿನಲ್ಲಿ ನೆಲೆಸಿತು. ಮರುವರ್ಷ ಮತ್ತೆ ಗಿಡ ನೆಡುವ ದಿನ ಬಂದಾಗ ವಾಳೆಯ ಹಿರಿಯ ಗುರಿಕಾರರೊಬ್ಬರು ಮೆಲ್ಲನೆ ಹೇಳಿದರು: "ಫಾದರ್, ಹೊಸ ಗುಂಡಿ ತೆಗೆಯುವ ಕೆಲಸವಿಲ್ಲ. ಕಳೆದ ವರ್ಷದ ಗುಂಡಿಗಳೇ ಖಾಲಿ ಇವೆ. ನೆಟ್ಟದ್ದನ್ನು ಎಲ್ಲರೂ ಎಣಿಸಿದರು, ಉಳಿದದ್ದನ್ನು ಎಣಿಸಿದವರು ಯಾರು?" ಅಂದು ಎಣಿಸಿ ನೋಡಿದೆವು. ಏಳು ಗಿಡಗಳು ಉಳಿದಿದ್ದವು.

ಆ ಹಿರಿಯರ ಪ್ರಶ್ನೆ ಒಂದು ಆಲಯದ ಅಂಗಳಕ್ಕೆ ಸೀಮಿತವಾದುದಲ್ಲ. ಹಾಳಾದ ನೆಲ, ಜಲ, ಅರಣ್ಯಗಳನ್ನು ಮರಳಿ ಜೀವಂತಗೊಳಿಸುತ್ತೇವೆಂದು ನಮ್ಮ ದೇಶ ಜಗತ್ತಿನ ಮುಂದೆ ನೀಡಿರುವ ಮಾತಿಗೂ ಅದೇ ಪ್ರಶ್ನೆಯನ್ನು ಕೇಳಬೇಕಾಗಿದೆ.

ಮೊದಲು ಆ ಮಾತುಗಳೇನೆಂಬುದನ್ನು ನೋಡೋಣ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಭೂನಕ್ಷೆಗಳ ಪ್ರಕಾರ 2018-19ರಲ್ಲಿ ದೇಶದ ಸುಮಾರು 9.78 ಕೋಟಿ ಹೆಕ್ಟೇರ್ ಭೂಮಿ, ಅಂದರೆ ಒಟ್ಟು ಭೂಪ್ರದೇಶದ ಶೇಕಡ 29.77ರಷ್ಟು, ಸತ್ವಹೀನವಾಗಿತ್ತು. ಇದರಲ್ಲಿ 2.6 ಕೋಟಿ ಹೆಕ್ಟೇರ್ ಭೂಮಿಯನ್ನು 2030ರೊಳಗೆ ಪುನಶ್ಚೇತನಗೊಳಿಸುವುದಾಗಿ ಪ್ರಧಾನಮಂತ್ರಿಗಳು 2019ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮರುಭೂಮೀಕರಣ ವಿರೋಧಿ ಸಮ್ಮೇಳನದಲ್ಲಿ ಘೋಷಿಸಿದರು. ಅದಕ್ಕೂ ಮೊದಲು, 2015ರ ಪ್ಯಾರಿಸ್ ಒಪ್ಪಂದದ ಸಂದರ್ಭದಲ್ಲಿ, ಹೆಚ್ಚುವರಿ ಅರಣ್ಯ ಹಾಗೂ ಮರಗಳ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು 2030ರೊಳಗೆ ಹೀರಿಸಿಡುವ ವಚನವನ್ನು ದೇಶ ನೀಡಿತ್ತು. ಹವಾಮಾನ ಬದಲಾವಣೆಯನ್ನು ಎದುರಿಸಲು 2008ರಲ್ಲಿ ರೂಪಿಸಿದ ರಾಷ್ಟ್ರೀಯ ಕಾರ್ಯಯೋಜನೆಯ ಎಂಟು ಅಭಿಯಾನಗಳಲ್ಲಿ ಹಸಿರು ಭಾರತ ಅಭಿಯಾನವೂ ಒಂದು. ಅದರ ಪರಿಷ್ಕೃತ ಯೋಜನೆ 2025ರ ಜೂನ್‌ನಲ್ಲಿ ಹೊರಬಂದಿದ್ದು, ಪಶ್ಚಿಮಘಟ್ಟ, ಅರಾವಳಿ, ಹಿಮಾಲಯ ಮತ್ತು ಕಾಂಡ್ಲಾವನಗಳ ಪುನಶ್ಚೇತನಕ್ಕೆ ವಿಶೇಷ ಗಮನ ನೀಡಿದೆ.

ಇವು ಸಣ್ಣ ಸಂಕಲ್ಪಗಳಲ್ಲ. ಬಡತನದ ಭಾರವನ್ನು ಹೊತ್ತಿರುವ ದೇಶವೊಂದು ಇಷ್ಟನ್ನು ತಾನಾಗಿ ಒಪ್ಪಿಕೊಂಡಿರುವುದು ಶ್ಲಾಘನೀಯ. ಆದುದರಿಂದಲೇ ಈ ವಚನ ಹೇಗೆ ಪಾಲನೆಯಾಗುತ್ತಿದೆ ಎಂದು ವಿಚಾರಿಸುವುದು ದೇಶದ್ರೋಹವಲ್ಲ, ನಾಗರಿಕನ ಕರ್ತವ್ಯ.

ಅಂತರರಾಷ್ಟ್ರೀಯ ಸಭೆಗಳಲ್ಲಿ ಭಾರತ ಮಂಡಿಸುತ್ತ ಬಂದಿರುವ ವಾದವೊಂದಿದೆ. ಅದು ನ್ಯಾಯವಾದ ವಾದವೆಂದೇ ನಾವು ನಂಬುತ್ತೇವೆ. ವಾತಾವರಣವನ್ನು ಕೆಡಿಸಿದವರು ಮುಖ್ಯವಾಗಿ ಶ್ರೀಮಂತ ರಾಷ್ಟ್ರಗಳು. ಅದರ ಫಲವನ್ನು ಉಣ್ಣುವವರು ಬಡ ರಾಷ್ಟ್ರಗಳು. ಆದುದರಿಂದ ಕೆಡಿಸಿದವರು ತಮ್ಮ ಋಣವನ್ನು ತೀರಿಸಬೇಕು. ಭಾರತೀಯನೊಬ್ಬ ತಲಾ ಹೊರಸೂಸುವ ಇಂಗಾಲ ಇಂದಿಗೂ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ದಿವಂಗತ ಜಗದ್ಗುರು ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಉತ್ತರದ ರಾಷ್ಟ್ರಗಳು ದಕ್ಷಿಣದ ರಾಷ್ಟ್ರಗಳಿಗೆ ಸಲ್ಲಿಸಬೇಕಾದ ಪರಿಸರ ಋಣವನ್ನು ಕುರಿತು ಇದೇ ನ್ಯಾಯವನ್ನು ಎತ್ತಿಹಿಡಿದರು. 2024ರಲ್ಲಿ ಬಾಕು ನಗರದ ಸಮ್ಮೇಳನದಲ್ಲಿ ಶ್ರೀಮಂತ ರಾಷ್ಟ್ರಗಳು 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ನೆರವಿನ ಗುರಿಯನ್ನು ಮುಂದಿಟ್ಟಾಗ ಅದು ತೀರಾ ಅಲ್ಪವೆಂದು ಭಾರತ ಸಭೆಯಲ್ಲೇ ಆಕ್ಷೇಪಿಸಿತು. ಆ ಆಕ್ಷೇಪ ಸರಿಯಾದುದು.

ಹಾಗಾದರೆ ನಾವು ಕೇಳಬೇಕಾದ ಪ್ರಶ್ನೆ ಇದು: ಹೊರಗಿನವರಿಂದ ಯಾವ ಅಳತೆಯ ನ್ಯಾಯವನ್ನು ಬೇಡುತ್ತೇವೆಯೋ ಅದೇ ಅಳತೆಯನ್ನು ಮನೆಯೊಳಗೂ ಬಳಸುತ್ತಿದ್ದೇವೆಯೇ? ನಮ್ಮದೇ ಕಾಡು, ನದಿ, ಗುಡ್ಡಗಳನ್ನು ಕಳೆದುಕೊಂಡ ನಮ್ಮದೇ ಜನರಿಗೆ ಋಣ ಸಂದಾಯವಾಗುತ್ತಿದೆಯೇ?

ಧರ್ಮೋಪದೇಶದ ತರಗತಿಯಲ್ಲಿ ನಾವೆಲ್ಲ ಬಾಲ್ಯದಲ್ಲಿ ಕಲಿತ ಒಂದು ಪಾಠ ಇಲ್ಲಿ ನೆರವಿಗೆ ಬರುತ್ತದೆ. ಕದ್ದವನು ಪಶ್ಚಾತ್ತಾಪ ಪಟ್ಟರೆ ಸಾಲದು, ಪಾಪನಿವೇದನೆ ಮಾಡಿದರೂ ಸಾಲದು, ಕದ್ದದ್ದನ್ನು ಹಿಂದಿರುಗಿಸಬೇಕು. ಸುಂಕದ ಜಕ್ಕಾಯನು ಯೇಸುವನ್ನು ಮನೆಗೆ ಬರಮಾಡಿಕೊಂಡ ದಿನ ದೇವಾಲಯಕ್ಕೆ ಕಾಣಿಕೆ ಹಾಕಿ ಕೈತೊಳೆದುಕೊಳ್ಳಲಿಲ್ಲ. ತಾನು ವಂಚಿಸಿದವರಿಗೇ ನಾಲ್ಕರಷ್ಟು ಹಿಂದಿರುಗಿಸುವೆನೆಂದು ಮಾತುಕೊಟ್ಟ. ಸಂತ ತೋಮಸ್ ಅಕ್ವಿನಾಸರು ತಮ್ಮ 'ಸುಮ್ಮಾ ತಿಯೊಲಾಜಿಕಾ' ಗ್ರಂಥದಲ್ಲಿ ಪ್ರತ್ಯರ್ಪಣೆಯ ವಿಷಯವನ್ನು ದಾನಧರ್ಮದ ಅಧ್ಯಾಯದಲ್ಲಿ ಇರಿಸಿಲ್ಲ, ನ್ಯಾಯದ ವಿಭಾಗದಲ್ಲಿ ಚರ್ಚಿಸಿದ್ದಾರೆ. ಇದು ಮನಸ್ಸು ಬಂದರೆ ಮಾಡುವ ಉಪಕಾರವಲ್ಲ, ಮಾಡಲೇಬೇಕಾದ ಸಂದಾಯ. ಅವರು ಅಲ್ಲಿ ಎತ್ತುವ ಪ್ರಶ್ನೆಗಳಲ್ಲಿ ಮೂರು ನಮಗೆ ಇಂದು ಮುಖ್ಯ: ಯಾರಿಗೆ ಹಿಂದಿರುಗಿಸಬೇಕು? ಏನನ್ನು ಹಿಂದಿರುಗಿಸಬೇಕು? ಯಾವಾಗ ಹಿಂದಿರುಗಿಸಬೇಕು? ಪರಿಸರ ಪುನಶ್ಚೇತನದ ರಾಷ್ಟ್ರೀಯ ನೀತಿಯನ್ನು ಈ ಮೂರು ಪ್ರಶ್ನೆಗಳ ಒರೆಗಲ್ಲಿಗೆ ಹಚ್ಚಿ ನೋಡಬಹುದು.

ಮೊದಲನೆಯದು, ಯಾರಿಗೆ? ಕಳೆದುಕೊಂಡವನಿಗೇ ಸಲ್ಲಬೇಕೆಂಬುದು ಸಾಮಾನ್ಯ ಬುದ್ಧಿಗೂ ಹೊಳೆಯುವ ಉತ್ತರ. ಆದರೆ ನಮ್ಮ ಪರಿಹಾರ ಅರಣ್ಯೀಕರಣದ ವ್ಯವಸ್ಥೆ ಈ ಉತ್ತರವನ್ನು ಮರೆತಂತಿದೆ. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಗಣಿ, ಅಣೆಕಟ್ಟು, ಹೆದ್ದಾರಿಗಳಿಗೆ ಅರಣ್ಯವನ್ನು ಬಿಟ್ಟುಕೊಡುವಾಗ, ಪಡೆದವರು ಬೇರೆಡೆ ಕಾಡು ಬೆಳೆಸಲು ಹಣ ಕಟ್ಟಬೇಕು. ಈ ಹಣದ ನಿರ್ವಹಣೆಗೆಂದು 2016ರಲ್ಲಿ ಪ್ರತ್ಯೇಕ ಕಾಯಿದೆ ಬಂತು; 2019ರ ಆಗಸ್ಟ್‌ನಲ್ಲಿ 47,000 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತವನ್ನು ರಾಜ್ಯಗಳಿಗೆ ವರ್ಗಾಯಿಸಲಾಯಿತು. 'ಬೇರೆಡೆ' ಎಂಬ ಮಾತಿನ ಅರ್ಥ ಎಷ್ಟು ವಿಸ್ತಾರವಾಗಬಹುದೆಂಬುದಕ್ಕೆ ಗ್ರೇಟ್ ನಿಕೋಬಾರ್ ದ್ವೀಪ ಸಾಕ್ಷಿ. ಅಲ್ಲಿ ಬಂದರು, ವಿಮಾನ ನಿಲ್ದಾಣ ಮತ್ತು ಹೊಸ ಪಟ್ಟಣದ ಯೋಜನೆಗೆಂದು ಸುಮಾರು 130 ಚದರ ಕಿಲೋಮೀಟರ್ ಮಳೆಕಾಡನ್ನು ಬಿಟ್ಟುಕೊಡಲು 2022ರಲ್ಲಿ ತಾತ್ವಿಕ ಒಪ್ಪಿಗೆ ದೊರೆಯಿತು. ಸರ್ಕಾರದ ಅಂದಾಜಿನಲ್ಲೇ ಒಂಬತ್ತು ಲಕ್ಷಕ್ಕೂ ಹೆಚ್ಚು ಮರಗಳು ಉರುಳಬೇಕಾಗಬಹುದು. ಅದಕ್ಕೆ ಪ್ರತಿಯಾಗಿ ಕಾಡು ಬೆಳೆಸಲು ಆರಿಸಿದ ಸ್ಥಳ ಎರಡು ಸಾವಿರ ಕಿಲೋಮೀಟರಿಗೂ ಆಚೆಯ ಹರಿಯಾಣ!

ಹರಿಯಾಣಕ್ಕೆ ಮರಗಳು ಬೇಡವೆಂದು ನಾವು ಹೇಳುತ್ತಿಲ್ಲ. ಒಣ ಅರಾವಳಿಗೆ ಹಸಿರು ಬೇಕು. ಆದರೆ ಶೊಂಪೆನ್ ಮತ್ತು ನಿಕೋಬಾರಿ ಜನರು ಕಳೆದುಕೊಳ್ಳುವ ಕಾಡಿಗೆ ಹರಿಯಾಣದ ಗಿಡ ಹೇಗೆ ಪರಿಹಾರವಾದೀತು? ಒಬ್ಬನ ಮನೆಯ ಹಸುವನ್ನು ಒಯ್ದು, ಕಾಣದ ಊರಿನ ಇನ್ನೊಬ್ಬನಿಗೆ ಕರುವೊಂದನ್ನು ಕೊಟ್ಟು, ಲೆಕ್ಕ ಚುಕ್ತಾ ಆಯಿತೆಂದಂತೆ ಇದು. 2006ರ ಅರಣ್ಯ ಹಕ್ಕು ಕಾಯಿದೆ ಕಾಡಿನ ಮೇಲೆ ಅಲ್ಲಿನ ವಾಸಿಗಳ ಹಕ್ಕನ್ನು ಮಾನ್ಯಮಾಡಿ ಗ್ರಾಮಸಭೆಗೆ ಸ್ಥಾನ ನೀಡಿದೆ. ಆ ಸ್ಥಾನ ಕಾಗದದಲ್ಲೇ ಉಳಿದರೆ ಪರಿಹಾರದ ಹಣ ಎಷ್ಟೇ ಇದ್ದರೂ ಅದು ನ್ಯಾಯವಾಗದು.

ಇದಕ್ಕೆ ಭಿನ್ನವಾದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಾರಿಕೆ ಮಿತಿಮೀರಿದಾಗ 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಯಿತು. ಬಳಿಕ ಗಣಿಗಳಿಂದಲೇ ಸಂಗ್ರಹಿಸಿದ ಹಣವನ್ನು ಅದೇ ಜಿಲ್ಲೆಗಳ ಪುನಶ್ಚೇತನಕ್ಕೆ ಬಳಸಬೇಕೆಂದು ಗೊತ್ತುಪಡಿಸಿತು. ಅದಕ್ಕೆಂದೇ ನಿಗಮವೊಂದು ಸ್ಥಾಪನೆಯಾಗಿದೆ. ಕೆಲಸ ತಡವಾಗಿದೆ ಎಂಬ ಅಸಮಾಧಾನಕ್ಕೆ ಕಾರಣವಿದ್ದರೂ, ತೆಗೆದವರೇ ಕೊಡಬೇಕು, ತೆಗೆದ ಕಡೆಯಲ್ಲೇ ಕೊಡಬೇಕು ಎಂಬ ತತ್ವ ಅಲ್ಲಿ ಒಪ್ಪಿತವಾಗಿದೆ. ರಾಷ್ಟ್ರೀಯ ನೀತಿಗೆ ಬೇಕಾದುದು ಈ ತತ್ವ.

ಎರಡನೆಯದು, ಏನನ್ನು? ಇಲ್ಲಿ ಪದಗಳ ಅರ್ಥವನ್ನು ಎಚ್ಚರಿಕೆಯಿಂದ ಗಮನಿಸಬೇಕು. ಭಾರತೀಯ ಅರಣ್ಯ ಸಮೀಕ್ಷೆಯ ಲೆಕ್ಕದಲ್ಲಿ, ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ಮರಗಳ ಚಪ್ಪರ ಶೇಕಡ 10ರಷ್ಟಿದ್ದರೆ ಅದು 'ಅರಣ್ಯ ಹೊದಿಕೆ'. ನೆಲ ಯಾರದು, ಮರ ಯಾವುದು ಎಂಬ ಭೇದವಿಲ್ಲ. ರಬ್ಬರ್ ತೋಟವೂ ನೀಲಗಿರಿ ನೆಡುತೋಪೂ ನೂರಾರು ವರ್ಷಗಳ ಕಾನೂ ಉಪಗ್ರಹದ ಕಣ್ಣಿಗೆ ಒಂದೇ ಹಸಿರು. 2024ರ ಡಿಸೆಂಬರ್‌ನಲ್ಲಿ ಹೊರಬಂದ ವರದಿಯಂತೆ ದೇಶದ ಶೇಕಡ 25.17ರಷ್ಟು ಭೂಪ್ರದೇಶದಲ್ಲಿ ಅರಣ್ಯ ಮತ್ತು ಮರಗಳ ಹೊದಿಕೆ ಇದೆ. ಹಿಂದಿಗಿಂತ ಹೆಚ್ಚಿದೆಯೆಂಬ ಸಂತೋಷದ ಸುದ್ದಿಯನ್ನು ಪತ್ರಿಕೆಗಳು ಪ್ರಕಟಿಸಿದವು. ಆದರೆ ಅದೇ ವರದಿಯ ಒಳಪುಟಗಳು ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶಗಳಲ್ಲಿ ಹತ್ತು ವರ್ಷಗಳಲ್ಲಿ 58 ಚದರ ಕಿಲೋಮೀಟರ್ ಅರಣ್ಯ ಹೊದಿಕೆ ಕಡಿಮೆಯಾಗಿದೆ ಎನ್ನುತ್ತವೆ. ಕರ್ನಾಟಕದ ಅರಣ್ಯ ಮತ್ತು ಮರಗಳ ಹೊದಿಕೆ ಹಿಂದಿನ ವರದಿಗೆ ಹೋಲಿಸಿದರೆ 459 ಚದರ ಕಿಲೋಮೀಟರ್ ಕುಗ್ಗಿದೆ ಎಂದೂ ಹೇಳುತ್ತವೆ. ಒಟ್ಟು ಮೊತ್ತ ಏರಿದರೂ ಅತ್ಯಮೂಲ್ಯವಾದುದು ಇಳಿಯಬಹುದು ಎಂಬುದು ಇದರಿಂದ ಸ್ಪಷ್ಟ.

ತತ್ವಶಾಸ್ತ್ರದಲ್ಲಿ ವಸ್ತುವಿನ ಸಾರವನ್ನೂ ಅದರ ಬಾಹ್ಯ ಗುಣವನ್ನೂ ಬೇರ್ಪಡಿಸಿ ನೋಡಲು ಕಲಿಸುತ್ತಾರೆ. ಹಸಿರು ಎಂಬುದು ಕಾಡಿನ ಬಣ್ಣ ಮಾತ್ರ. ಮಳೆಯನ್ನು ಹಿಡಿದು ಬೇಸಿಗೆಗೆ ತೋಡಾಗಿ ಬಿಡುವುದು, ಮಣ್ಣನ್ನು ಕಟ್ಟಿಹಿಡಿಯುವುದು, ಸಾವಿರ ಬಗೆಯ ಜೀವಿಗಳಿಗೆ ಆಸರೆಯಾಗುವುದು ಅದರ ಸಾರ. ಕರಾವಳಿ ಮತ್ತು ಮಲೆನಾಡಿನ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ದಶಕಗಳ ಹಿಂದೆ ನಮ್ಮ ಗುಡ್ಡಗಳ ಮೇಲೆ ಸಾಲುಸಾಲಾಗಿ ಅಕೇಶಿಯಾ ಬಂತು. ಬೇಗ ಬೆಳೆಯಿತು, ಹಸಿರು ಕಾಣಿಸಿತು. ಆದರೆ ಅದರ ಸೊಪ್ಪನ್ನು ದನ ಮೂಸಲಿಲ್ಲ, ಅಡಿಯಲ್ಲಿ ಹುಲ್ಲು ಸರಿಯಾಗಿ ಬೆಳೆಯಲಿಲ್ಲ. ಬಯಲುಸೀಮೆಯ ನೀಲಗಿರಿಯ ಕಥೆಯೂ ಬೇರೆಯಲ್ಲ; ಅಂತರ್ಜಲದ ಚಿಂತೆಯಿಂದ ರಾಜ್ಯ ಸರ್ಕಾರ 2017ರಲ್ಲಿ ಅದರ ಹೊಸ ನೆಡುವಿಕೆಯನ್ನು ನಿಷೇಧಿಸಬೇಕಾಯಿತು. ನಮ್ಮ ಪದವುಗಳನ್ನು ನೋಡಿ. ಮುರಕಲ್ಲಿನ ಈ ಬಯಲುಗಳು ಬೇಸಿಗೆಯಲ್ಲಿ ಬೋಳಾಗಿ ಕಂಡು ಕಾಗದಪತ್ರಗಳಲ್ಲಿ 'ಪಾಳು' ಎನಿಸಿಕೊಳ್ಳುತ್ತವೆ. ಮಳೆ ಬಿದ್ದರೆ ಅವೇ ಹುಲ್ಲು, ಹೂಗಳಿಂದ ತುಂಬುತ್ತವೆ. ನೀರನ್ನು ಇಂಗಿಸಿ ಕೆಳಗಿನ ಬಾವಿಗಳಿಗೆ ಇಳಿಸುತ್ತವೆ. ಅಲ್ಲಿ ಗುಂಡಿ ತೋಡಿ ಮರ ನೆಡುವುದು ಪುನಶ್ಚೇತನವಲ್ಲ, ಮತ್ತೊಂದು ಹಾನಿ. ಹಾಗೆಯೇ ನದಿಮುಖದ ಕಾಂಡ್ಲಾವನ ದಡವನ್ನು ಕಾಯುತ್ತದೆ, ಮೀನು ಏಡಿಗಳ ಮರಿಗಳಿಗೆ ತೊಟ್ಟಿಲಾಗುತ್ತದೆ, ಕೆಸರಿನಲ್ಲಿ ಇಂಗಾಲವನ್ನು ಹೂತಿಡುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ಕಾಂಡ್ಲಾವನಗಳಿಗೆಂದೇ 'ಮಿಷ್ಟಿ' ಯೋಜನೆಯನ್ನು ಆರಂಭಿಸಿದ್ದು ಒಳ್ಳೆಯ ಹೆಜ್ಜೆ. ಉತ್ತರ ಕನ್ನಡದ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸರ್ ತಾಣವಾಗಿ ಮಾನ್ಯತೆ ಪಡೆದುದೂ ಸಂತೋಷದ ಸಂಗತಿ. ಇಂಥವು ಇರುವಲ್ಲಿ ಉಳಿಯಲಿ, ಕಳೆದಲ್ಲಿ ಮರಳಿ ಬರಲಿ.

ಅಂಗವನ್ನು ಕಳೆದುಕೊಂಡವನಿಗೆ ಆ ಅಂಗವನ್ನೇ ಮರಳಿ ಕೊಡಲಾಗದು, ಸಾಧ್ಯವಾದಷ್ಟು ಪರಿಹಾರವನ್ನಷ್ಟೇ ಕೊಡಬಹುದು ಎಂದು ಅಕ್ವಿನಾಸರು ಒಪ್ಪುತ್ತಾರೆ. ಹಳೆಯ ಕಾಡು ಅಂಥ ಒಂದು ಅಂಗ. ಅದನ್ನು ಕಡಿದ ಮೇಲೆ ಕೊಡುವುದೆಲ್ಲ ಪೂರ್ಣ ಸಂದಾಯವಲ್ಲ, ಬರಿಯ ಸಾಂತ್ವನ. ಆದುದರಿಂದ ಪುನಶ್ಚೇತನದ ನೀತಿಯ ಮೊದಲ ಅಧ್ಯಾಯ ನೆಡುವುದಾಗಬಾರದು, ಉಳಿಸುವುದಾಗಬೇಕು. 1983ರಲ್ಲಿ ಶಿರಸಿ ಸೀಮೆಯ ಸಲ್ಕಣಿಯ ಹಳ್ಳಿಗರು ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡಾಗ ಹುಟ್ಟಿದ ಅಪ್ಪಿಕೋ ಚಳವಳಿಯ ಘೋಷಣೆ 'ಉಳಿಸು, ಬೆಳೆಸು, ಬಳಸು'. ಆ ಮೂರು ಪದಗಳ ಕ್ರಮದಲ್ಲೇ ಒಂದು ಪೂರ್ಣ ನೀತಿ ಅಡಗಿದೆ. ಇಂದು ನಾವು ಬಳಸಿ, ಆ ಬಳಿಕ ಬೆಳೆಸಲು ಹೊರಟು, ಕೊನೆಯಲ್ಲಿ ಏನಾದರೂ ಉಳಿದರೆ ಉಳಿಸುತ್ತೇವೆ.

ಮೂರನೆಯದು, ಯಾವಾಗ? ಇನ್ನೊಬ್ಬರ ಸೊತ್ತನ್ನು ಇಟ್ಟುಕೊಂಡ ಪ್ರತಿ ದಿನವೂ ಅನ್ಯಾಯ ಮುಂದುವರಿಯುತ್ತದೆ. ಆದುದರಿಂದ ವಿಳಂಬಕ್ಕೆ ಎಡೆಯಿಲ್ಲ. ಆದರೆ ವಿಳಂಬವೇ ನಮ್ಮ ವ್ಯವಸ್ಥೆಯ ಸ್ವಭಾವವಾಗಿದೆ. ಮಹಾಲೇಖಪಾಲರ 2013ರ ವರದಿಯೊಂದನ್ನು ನೆನಪಿಸಿಕೊಳ್ಳಬೇಕು. 2006ರಿಂದ 2012ರವರೆಗಿನ ಅವಧಿಯಲ್ಲಿ ಪರಿಹಾರ ಅರಣ್ಯೀಕರಣಕ್ಕೆ 1,03,381 ಹೆಕ್ಟೇರ್ ಅರಣ್ಯೇತರ ಭೂಮಿ ಬರಬೇಕಾಗಿತ್ತು. ಬಂದುದು 28,086 ಹೆಕ್ಟೇರ್. ಅದರಲ್ಲಿ ಗಿಡ ನೆಟ್ಟುದು 7,280 ಹೆಕ್ಟೇರಿನಲ್ಲಿ. ಅಂದರೆ ನೂರರಲ್ಲಿ ಏಳು. ನಮ್ಮ ಆಲಯದ ಅಂಗಳದಲ್ಲಿ ಐವತ್ತರಲ್ಲಿ ಏಳು ಉಳಿದಿದ್ದವು. ಇಡೀ ದೇಶದ ಲೆಕ್ಕವನ್ನು ಓದಿದಾಗ ನಮ್ಮ ನಾಚಿಕೆ ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು.

ಪಶ್ಚಿಮಘಟ್ಟದ ವಿಷಯದಲ್ಲಂತೂ ವಿಳಂಬದ ಬೆಲೆ ಜೀವಗಳಲ್ಲಿ ಸಂದಿದೆ. ಪ್ರೊಫೆಸರ್ ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಸಮಿತಿ 2011ರಲ್ಲಿ ವರದಿ ನೀಡಿತು. ಅದು ಸಾರ್ವಜನಿಕರ ಕೈಸೇರಲು ನ್ಯಾಯಾಲಯದ ಆದೇಶ ಬೇಕಾಯಿತು, ಬಂದುದು 2012ರಲ್ಲಿ. ಬಳಿಕ ಡಾ. ಕಸ್ತೂರಿರಂಗನ್ ಅವರ ಸಮಿತಿ 2013ರಲ್ಲಿ ಸೌಮ್ಯವಾದ ಇನ್ನೊಂದು ವರದಿ ನೀಡಿತು. 2014ರಲ್ಲಿ ಮೊದಲ ಕರಡು ಅಧಿಸೂಚನೆ ಹೊರಟಿತು. ಅಲ್ಲಿಂದ ಕರಡಿನ ಮೇಲೆ ಕರಡು ಬಂತೇ ವಿನಾ ಅಂತಿಮ ನಿರ್ಧಾರ ಬರಲಿಲ್ಲ. ಈ ನಡುವೆ 2018ರಲ್ಲಿ ಕೊಡಗಿನ ಗುಡ್ಡಗಳು ಜರಿದವು. 2024ರ ಜುಲೈ 16ರಂದು ಅಂಕೋಲ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅದೇ ತಿಂಗಳ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಗ್ರಾಮಗಳು ಮಣ್ಣುನೀರಿನಲ್ಲಿ ಕೊಚ್ಚಿಹೋಗಿ ಇನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಮರುದಿನವೇ ಆರನೆಯ ಕರಡು ಹೊರಬಂತು. ಅದು ಸೂಚಿಸಿದ 56,825 ಚದರ ಕಿಲೋಮೀಟರಿನಲ್ಲಿ 20,668 ಕರ್ನಾಟಕದ ಪಾಲು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಲು ತೀರ್ಮಾನಿಸಿತು. ಬಿಸಿಯಾಗುತ್ತಿರುವ ಕಡಲು ಹೆಚ್ಚು ನೀರಾವಿಯನ್ನು ಮೇಲಕ್ಕೆ ಕಳುಹಿಸುತ್ತಿದೆ. ಒಂದೇ ದಿನದಲ್ಲಿ ಸುರಿಯುವ ಮಳೆ ಹೆಚ್ಚುತ್ತಿದೆ. ಅಗೆದ ಗುಡ್ಡದ ಮೇಲೆ ಅಂಥ ಮಳೆ ಬಿದ್ದಾಗ ಕರಡು ಕಾಗದ ಯಾರನ್ನೂ ಕಾಯುವುದಿಲ್ಲ.

ಇಲ್ಲಿ ಸರ್ಕಾರಗಳ ಕಡೆಗೆ ಮಾತ್ರ ಬೆರಳು ತೋರಿಸುವುದು ಪ್ರಾಮಾಣಿಕವಾಗದು. 2013ರಲ್ಲಿ ಕೇರಳದ ಬೆಟ್ಟಸೀಮೆಯಲ್ಲಿ ಈ ವರದಿಗಳ ವಿರುದ್ಧ ನಡೆದ ಪ್ರತಿಭಟನೆಗಳ ಮುಂಚೂಣಿಯಲ್ಲಿ ನಮ್ಮ ಧರ್ಮಸಭೆಯವರೂ ಇದ್ದರು. ನಮ್ಮ ಘಟ್ಟದ ತಪ್ಪಲಿನ ಧರ್ಮಕೇಂದ್ರಗಳಲ್ಲಿಯೂ ಆ ಭಯ ಹಬ್ಬಿತ್ತು. ಭಯಕ್ಕೆ ಕಾರಣವೇ ಇರಲಿಲ್ಲವೆಂದು ಹೇಳಲಾಗದು. ಎರಡು ತಲೆಮಾರು ಬೆವರು ಸುರಿಸಿ ತೋಟ ಮಾಡಿದ ಸಣ್ಣ ರೈತನಿಗೆ ವರದಿಯ ಸಾರವನ್ನು ಅವನ ಭಾಷೆಯಲ್ಲಿ, ಸಮಯಕ್ಕೆ ಸರಿಯಾಗಿ ಯಾರೂ ತಿಳಿಸಲಿಲ್ಲ. ಮೇಲಿನಿಂದ ತೆಗೆದ ನಕ್ಷೆಯಲ್ಲಿ ತನ್ನ ಮನೆಯೂ ಬಣ್ಣದೊಳಗೆ ಸೇರಿದೆಯೆಂದು ಕೇಳಿದರೆ ಯಾರಿಗಾದರೂ ನಿದ್ದೆ ಬಾರದು. ಗ್ರಾಮಸಭೆಗಳೇ ಚರ್ಚಿಸಿ ನಿರ್ಧರಿಸಲಿ ಎಂದು ಗಾಡ್ಗೀಳ್ ಸಮಿತಿ ಹೇಳಿದ್ದ ಮಾತು ಅವನ ಕಿವಿಗೆ ಬೀಳುವ ಮೊದಲೇ ಒಕ್ಕಲೆಬ್ಬಿಸುತ್ತಾರೆಂಬ ವದಂತಿ ತಲುಪಿತ್ತು. ಆದರೆ ಆ ವದಂತಿಯನ್ನು ಪರಿಶೀಲಿಸಿ, ವರದಿಯನ್ನು ಓದಿ, ಜನರಿಗೆ ವಿವರಿಸಬೇಕಾಗಿದ್ದ ನಾವು ಧರ್ಮಗುರುಗಳು ಏನು ಮಾಡಿದೆವು? ಸಣ್ಣ ರೈತನ ಭಯದ ಮರೆಯಲ್ಲಿ ಕಲ್ಲುಕೋರೆಯವರೂ ರೆಸಾರ್ಟ್ ಕಟ್ಟುವವರೂ ಸುರಕ್ಷಿತವಾಗಿ ನಿಂತಿದ್ದುದನ್ನು ಕಂಡೂ ಸುಮ್ಮನಿದ್ದೆವಲ್ಲವೇ? ಕೈಯಾರೆ ಕದ್ದವನು ಮಾತ್ರವಲ್ಲ, ಸಲಹೆ ಕೊಟ್ಟವನು, ಒಪ್ಪಿದವನು, ಪಾಲು ಪಡೆದವನು, ತಡೆಯಬೇಕಾಗಿದ್ದೂ ಮೌನವಾಗಿದ್ದವನು ಕೂಡ ಪ್ರತ್ಯರ್ಪಣೆಗೆ ಬಾಧ್ಯನಾಗಬಹುದೆಂದು ಅಕ್ವಿನಾಸರು ವಿವರಿಸುತ್ತಾರೆ. ಆ ಪಟ್ಟಿಯಲ್ಲಿ ನಮ್ಮ ಹೆಸರನ್ನು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಒಂದು ಆಕ್ಷೇಪವನ್ನು ಇಲ್ಲಿ ಪರಿಗಣಿಸಬೇಕು. ದೇಶಕ್ಕೆ ರಸ್ತೆ ಬೇಡವೇ, ವಿದ್ಯುತ್ ಬೇಡವೇ, ಯುವಕರಿಗೆ ಉದ್ಯೋಗ ಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತವಾಗಿ ಬೇಕು. ಎಲ್ಲ ಮರವೂ ಎಂದಿಗೂ ಉಳಿಯಬೇಕೆಂಬುದು ನಮ್ಮ ವಾದವಲ್ಲ. ನಮ್ಮ ವಾದವಿಷ್ಟೇ: ತೆಗೆದುಕೊಂಡರೆ ತೆಗೆದುಕೊಂಡೆವೆಂದು ಒಪ್ಪೋಣ, ಅದರ ನಿಜವಾದ ಬೆಲೆಯನ್ನು ಲೆಕ್ಕಕ್ಕೆ ಹಿಡಿಯೋಣ, ಕಳೆದುಕೊಂಡವರಿಗೇ ಸಲ್ಲಿಸೋಣ. ಕಡಿಯುವುದು ಅಗ್ಗ, ನೆಡುವುದು ಸುಲಭ ಎಂಬ ಭ್ರಮೆ ಇರುವವರೆಗೆ ಯಾವ ಯೋಜನೆಗೂ ಪರ್ಯಾಯ ಮಾರ್ಗವನ್ನು ಯಾರೂ ಹುಡುಕಲಾರರು.

ನೀತಿ ತಿದ್ದಿಕೊಳ್ಳಬಲ್ಲದೆಂಬುದಕ್ಕೆ ಆಶಾದಾಯಕ ಸೂಚನೆಯೂ ಇದೆ. 2023ರಲ್ಲಿ ಆರಂಭವಾದ ಹಸಿರು ಕ್ರೆಡಿಟ್ ಕಾರ್ಯಕ್ರಮ ಆರಂಭದಲ್ಲಿ ನೆಟ್ಟ ಗಿಡಗಳ ಸಂಖ್ಯೆಗೆ ಹೆಚ್ಚು ಒತ್ತು ಕೊಟ್ಟಿತ್ತು. ತಜ್ಞರ ಟೀಕೆಯ ನಂತರ, ಐದು ವರ್ಷ ಕಳೆದು ಮರಗಳು ಉಳಿದು ಚಪ್ಪರ ಕಟ್ಟಿದ ಮೇಲೆಯೇ ಕ್ರೆಡಿಟ್ ದೊರೆಯುವಂತೆ 2025ರಲ್ಲಿ ನಿಯಮವನ್ನು ಬದಲಿಸಲಾಯಿತು. ನಮ್ಮ ಗುರಿಕಾರರ ಪ್ರಶ್ನೆ ದೆಹಲಿಗೂ ಕೇಳಿಸಿತೆಂದು ನಗುತ್ತ ಹೇಳಬಹುದು! ಈ ದಾರಿಯಲ್ಲೇ ಇನ್ನಷ್ಟು ಮುಂದೆ ಹೋಗಬೇಕು. ಪರಿಹಾರದ ಕಾಡು ಹಾನಿಯಾದ ಕಣಿವೆಯಲ್ಲೇ ಬೆಳೆಯಲಿ. ಕಾಡು ತಾನಾಗಿ ಚಿಗುರಬಲ್ಲ ಕಡೆ ಬೇಲಿ ಹಾಕಿ, ಬೆಂಕಿ ತಡೆದು, ಬಿಟ್ಟುಬಿಡುವುದಕ್ಕೆ ಆದ್ಯತೆ ಸಿಗಲಿ. ಎಲ್ಲಿ ಏನು ನೆಡಬೇಕು, ಎಲ್ಲಿ ಏನನ್ನೂ ನೆಡಬಾರದು ಎಂಬುದನ್ನು ಗ್ರಾಮಸಭೆ ಹೇಳಲಿ. ಉಳಿದ ಗಿಡಗಳ ಲೆಕ್ಕ ಪಂಚಾಯತಿಯ ಗೋಡೆಯ ಮೇಲೆ ವರ್ಷ ವರ್ಷ ಪ್ರಕಟವಾಗಲಿ. ತನ್ನ ಜಮೀನಿನಲ್ಲಿ ಕಾನು, ಬನ, ತೋಡುಗಳನ್ನು ಉಳಿಸಿಕೊಂಡ ರೈತನಿಗೆ ನಿಷೇಧದ ನೋಟೀಸು ಹೋಗದೆ ಪ್ರೋತ್ಸಾಹಧನ ಹೋಗಲಿ. ಊರಿಗೆಲ್ಲ ನೀರು ಕೊಡುವವನು ಅವನೇ ಅಲ್ಲವೇ?

ನಮ್ಮ ಕುಟುಂಬಗಳಿಗೂ ಧರ್ಮಕೇಂದ್ರಗಳಿಗೂ ಇದರಲ್ಲಿ ಪಾಲಿದೆ. ಗ್ರಾಮಸಭೆಯೆಂದರೆ ಫಲಾನುಭವಿಗಳ ಪಟ್ಟಿ ಓದುವ ದಿನವೆಂದು ಭಾವಿಸಿ ಮನೆಯಲ್ಲಿ ಕುಳಿತುಕೊಳ್ಳಬಾರದು. ಗುಡ್ಡ ಅಗೆಯಲು, ತೋಡು ಮುಚ್ಚಲು ಅನುಮತಿ ದೊರೆಯುವ ಮೊದಲೇ ಅಲ್ಲಿ ಮಾತನಾಡಬೇಕು. ಆಲಯಗಳ, ಶಾಲೆಗಳ, ಕಾನ್ವೆಂಟುಗಳ ಜಾಗದಲ್ಲಿ ಉಳಿದಿರುವ ಹಳೆಯ ಮರಗಳನ್ನು ಪಾಲನಾ ಮಂಡಳಿ ದಾಖಲಿಸಿಡಲಿ. ಅವುಗಳಿಗೆ ಕೊಡಲಿ ಇಡುವ ಮೊದಲು ಇಡೀ ಧರ್ಮಕೇಂದ್ರಕ್ಕೆ ಉತ್ತರ ಹೇಳಬೇಕಾದ ಪರಿಪಾಠ ಬೆಳೆಯಲಿ. ನಮ್ಮ ಹಿರಿಯರು ಮಳೆಗಾಲ ಮುಗಿದೊಡನೆ ಊರು ಸೇರಿ ತೋಡಿಗೆ ಕಟ್ಟ ಕಟ್ಟುತ್ತಿದ್ದರು. ಬಾವಿಗಳಲ್ಲಿ ಬೇಸಿಗೆಯವರೆಗೆ ನೀರು ನಿಲ್ಲುತ್ತಿತ್ತು. ಆ ಕೆಲಸಕ್ಕೆ ಜಾತಿ, ಮತಗಳ ಭೇದವಿರಲಿಲ್ಲ, ನೀರಿಗೂ ಇಲ್ಲ.

ನಮ್ಮ ಅಂಗಳದಲ್ಲಿ ಈಗ ವರ್ಷಕ್ಕೆ ಐವತ್ತು ಗಿಡ ನೆಡುವುದನ್ನು ನಿಲ್ಲಿಸಿದ್ದೇವೆ. ಉಳಿದ ಏಳನ್ನು ಏಳು ಕುಟುಂಬಗಳಿಗೆ ಒಪ್ಪಿಸಿದ್ದೇವೆ. ಬೇಸಿಗೆಯಲ್ಲಿ ಅವರು ನೀರು ಹೊರುತ್ತಾರೆ. ಅವುಗಳಲ್ಲಿ ಎರಡು ಹಲಸು. ಕಡಿದ ಮರಗಳ ನೆರಳಿಗೆ ಅವು ಸಮನಾಗುವ ಹೊತ್ತಿಗೆ ನಾವು ಈ ಲೋಕದಲ್ಲಿ ಇರಲಾರೆವು. ಹಾಗಿರುವಾಗ ಋಣ ತೀರಿತೆಂದು ಹೇಳುವ ಧೈರ್ಯ ನಮಗಿಲ್ಲ. ತೀರಿಸಲು ತೊಡಗಿದ್ದೇವೆಂದಷ್ಟೇ ಹೇಳಬಹುದು. ನಮ್ಮ ದೇಶದ ನೀತಿಯೂ ಇಷ್ಟು ವಿನಯದಿಂದ ಮಾತನಾಡುವಂತಾಗಲಿ. ಮುಂದೊಂದು ದಿನ ಮೊಂತಿ ಹಬ್ಬದ ತೆನೆ ನಮ್ಮ ಬೈಲಿನಿಂದಲೇ ಮಕ್ಕಳ ತಲೆಯ ಮೇಲೇರಿ ಆಲಯಕ್ಕೆ ಬರುವಂತಾಗಲಿ.